ಆಹಾರ ಸಂಸ್ಕೃತಿಯ ಚಲನಚಿತ್ರೋತ್ಸವ ನಡೆಸುವ ಕ್ರಮ: ಪರದೆಯಿಂದ ಪಂಕ್ತಿಯವರೆಗೆ

ಆಹಾರದ ಕಥೆಗಳನ್ನು ಪರದೆಯ ಮೇಲೆ ತೋರಿಸಿ, ಆ ಊಟವನ್ನು ಪಕ್ಕದಲ್ಲೇ ಬಡಿಸುವ ಉತ್ಸವವನ್ನು ತಮ್ಮ ಊರಿನಲ್ಲಿ ನಡೆಸಲು ಹೊರಟವರಲ್ಲಿ ಹೆಚ್ಚಿನವರು ಒಂದೇ ಜಾಗದಲ್ಲಿ ಎಡವುತ್ತಾರೆ. ಅವರು ಸಭಾಂಗಣ ಗೊತ್ತು ಮಾಡಿ, ಅಡುಗೆಯವರಿಗೆ ಮುಂಗಡ ಕೊಟ್ಟು, ಪೋಸ್ಟರ್ ಅಚ್ಚು ಹಾಕಿಸಿ, ಆಮೇಲೆ ಚಿತ್ರಗಳ ಅನುಮತಿ ಕೇಳಲು ಕೂರುತ್ತಾರೆ. ಅನುಮತಿ ಬಾರದ ಚಿತ್ರದ ಜಾಗಕ್ಕೆ ಕೈಗೆ ಸಿಕ್ಕಿದ ಇನ್ನೊಂದು ಬರುತ್ತದೆ, ಅದಕ್ಕೂ ಆಗಲೇ ಗೊತ್ತಾಗಿದ್ದ ಅಡುಗೆಗೂ ಸಂಬಂಧವೇ ಇರುವುದಿಲ್ಲ, ಕಡೆಗೆ ಉಳಿಯುವುದು ಸಿನಿಮಾ ಹಾಕಿದ ಒಂದು ಆಹಾರ ಮೇಳ ಮಾತ್ರ.

ಈ ಮಾರ್ಗದರ್ಶಿಯನ್ನು ಜಿಲ್ಲಾ ಕೇಂದ್ರದಂಥ ಊರಿನಲ್ಲಿ, ಸುಮಾರು 150 ಜನರಿಗೆ, ಎರಡು ದಿನ, ಎಂಟು ಹತ್ತು ಚಿತ್ರಗಳ ಉತ್ಸವ ನಡೆಸುವವರನ್ನು ಗಮನದಲ್ಲಿಟ್ಟು ಬರೆಯಲಾಗಿದೆ. ಕೆಲಸ ಆರು ತಿಂಗಳು ಮೊದಲೇ ಶುರುವಾಗಬೇಕು. ಹಂತಗಳ ಕ್ರಮವನ್ನು ಬದಲಿಸಬಾರದು. ಚಿತ್ರ ಗೊತ್ತಾದ ಮೇಲೆ ಹಕ್ಕು, ಹಕ್ಕು ಸಿಕ್ಕ ಮೇಲೆ ಅಡುಗೆ, ಅಡುಗೆ ಗೊತ್ತಾದ ಮೇಲೆ ವೇಳಾಪಟ್ಟಿ, ಎಲ್ಲಕ್ಕಿಂತ ಕೊನೆಗೆ ಪೋಸ್ಟರ್.

ಹಂತ 1: ಹಂಗಾಮು ಮತ್ತು ಜಾಗ

ದಿನಾಂಕವನ್ನು ಸಭಾಂಗಣದ ಖಾಲಿ ದಿನ ನೋಡಿ ನಿರ್ಧರಿಸುವುದು ರೂಢಿ. ಆಹಾರದ ಉತ್ಸವಕ್ಕೆ ಅದು ಸಾಲದು. ಅವರೆಕಾಯಿಯ ಸೊಗಡು ಬೇಕಾದರೆ ಡಿಸೆಂಬರ್ ಮತ್ತು ಜನವರಿ. ಉತ್ತರ ಕರ್ನಾಟಕದ ಸೀತನಿಯೂ (ಜೋಳದ ಎಳೆ ತೆನೆ) ಹೆಚ್ಚುಕಡಿಮೆ ಅದೇ ಚಳಿಗಾಲದ ಮಾತು. ಅಪ್ಪೆಮಿಡಿ ಬೇಸಿಗೆಯ ಆರಂಭದ್ದು, ಎಳೆ ಬಿದಿರಿನ ಕಳಲೆ ಮತ್ತು ಕೆಸುವಿನೆಲೆಯ ಪತ್ರೊಡೆ ಮಳೆಗಾಲದವು. ಕರಾವಳಿಯ ಮೀನಿನ ಬದುಕಿನ ಚಿತ್ರ ಇಟ್ಟುಕೊಂಡು ಜೂನ್ ಅಥವಾ ಜುಲೈಯಲ್ಲಿ ದಿನ ಗೊತ್ತು ಮಾಡಿದರೆ ಯಾಂತ್ರೀಕೃತ ದೋಣಿಗಳಿಗೆ ನಿಷೇಧವಿರುವ ಕಾಲಕ್ಕೆ ಸಿಕ್ಕಿಹಾಕಿಕೊಳ್ಳುತ್ತೀರಿ. ಆಗ ಒಣಮೀನಿನ ಅಡುಗೆಯನ್ನು ಯೋಚಿಸಬಹುದು. ಹಾಗೆ ನೋಡಿದರೆ ಮಳೆಗಾಲದ ಕರಾವಳಿಗೆ ಅದೇ ಹೆಚ್ಚು ನಿಜವಾದ ಊಟ.

ಜಾಗ ನೋಡಲು ಹೋಗುವಾಗ ಐದು ಪ್ರಶ್ನೆಗಳನ್ನು ಬರೆದುಕೊಂಡು ಹೋಗಿ. ಹಗಲಿನಲ್ಲಿ ಪೂರ್ತಿ ಕತ್ತಲೆ ಮಾಡಬಹುದೇ? ಅಡುಗೆಮನೆ ಸಭಾಂಗಣದಿಂದ ಬೇರೆ ಕಟ್ಟಡದಲ್ಲಿದೆಯೇ, ಇಲ್ಲವೇ ನಡುವೆ ಎರಡು ಬಾಗಿಲುಗಳಾದರೂ ಇವೆಯೇ? ಜನರೇಟರ್ ಇದೆಯೇ, ಅದರ ಸದ್ದು ಒಳಗೆ ಕೇಳಿಸುತ್ತದೆಯೇ? ಕೈತೊಳೆಯುವ ನೀರಿನ ನಲ್ಲಿಗಳು ಎಷ್ಟು? ಮಾಂಸಾಹಾರಕ್ಕೆ ಅವಕಾಶ ಇದೆಯೇ? ಈ ಕೊನೆಯ ಪ್ರಶ್ನೆಯನ್ನು ಸಂಕೋಚದಿಂದ ಬಿಟ್ಟುಬಿಡುವವರೇ ಹೆಚ್ಚು. ಅನೇಕ ಕಲ್ಯಾಣ ಮಂಟಪಗಳಲ್ಲಿ ಮಾಂಸ, ಮೀನು, ಮೊಟ್ಟೆಗಳನ್ನು ಒಳಗೆ ಬಿಡುವುದಿಲ್ಲ, ಈ ನಿಯಮ ರಸೀದಿಯ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿರುತ್ತದೆ. ಕೊಡಗಿನ ಪಂದಿ ಕರಿಯನ್ನೋ ಕೋರಿ ರೊಟ್ಟಿಯನ್ನೋ ಕುರಿತ ಚಿತ್ರ ತೋರಿಸಿ ಹೊರಗೆ ಪಲಾವ್ ಬಡಿಸುವ ಪರಿಸ್ಥಿತಿ ಬರುವುದು ಇಲ್ಲಿಂದಲೇ.

ಕಲ್ಯಾಣ ಮಂಟಪಗಳಿಗೆ ಇನ್ನೊಂದು ತೊಂದರೆಯೂ ಇದೆ. ನುಣುಪು ಟೈಲ್ಸ್ ಮತ್ತು ಬರಿಗೋಡೆಗಳಿಂದಾಗಿ ಮಾತು ಪ್ರತಿಧ್ವನಿಸಿ ಕಲಸಿಹೋಗುತ್ತದೆ. ನಡುವೆ ನಿಂತು ಒಮ್ಮೆ ಜೋರಾಗಿ ಚಪ್ಪಾಳೆ ತಟ್ಟಿ ನೋಡಿ. ಸದ್ದು ನಿಂತ ಮೇಲೂ ಗುಂಯ್‌ಗುಡುವಿಕೆ ಉಳಿದರೆ ಗೋಡೆಗಳಿಗೆ ದಪ್ಪ ಪರದೆ ಕಟ್ಟಿಸದೆ ಆ ಜಾಗವನ್ನು ಒಪ್ಪಬೇಡಿ. ಇಳಿಜಾರಿನ ಆಸನಗಳಿರುವ ರಂಗಮಂದಿರ ಅಥವಾ ಕಾಲೇಜಿನ ಸಭಾಂಗಣ ಸಿಕ್ಕಿದರೆ, ಊಟಕ್ಕೆ ಹೊರಗೆ ಶಾಮಿಯಾನ ಹಾಕಬೇಕಾಗಿ ಬಂದರೂ, ಅದನ್ನೇ ಆರಿಸಿಕೊಳ್ಳಿ.

ಹಂತ 2: ಚಿತ್ರಗಳ ಆಯ್ಕೆ

ಚಿತ್ರದಲ್ಲಿ ಊಟದ ದೃಶ್ಯ ಇದ್ದ ಮಾತ್ರಕ್ಕೆ ಅದು ಈ ಉತ್ಸವದ ಚಿತ್ರವಾಗುವುದಿಲ್ಲ. ಆಯ್ಕೆ ಸಮಿತಿಯ ಮುಂದೆ ಒಂದೇ ಪ್ರಶ್ನೆ ಇರಲಿ: ಆಹಾರವನ್ನು ತೆಗೆದುಹಾಕಿದರೂ ಕಥೆ ಉಳಿಯುತ್ತದೆಯೇ? ಉಳಿದರೆ, ಎಷ್ಟೇ ಒಳ್ಳೆಯ ಚಿತ್ರವಾದರೂ, ಬೇರೆ ಉತ್ಸವಕ್ಕೆ ಬಿಡಿ.

ಪದೇಪದೇ ಕಾಣುವ ತಪ್ಪೆಂದರೆ ಸಂಸ್ಕೃತಿ ಎಂದರೆ ಹಬ್ಬದ ಅಡುಗೆ ಎಂದು ತಿಳಿಯುವುದು. ಹೋಳಿಗೆ, ಪಾಯಸ, ಅಜ್ಜಿಯ ಕೈರುಚಿ, ಹಿತ್ತಾಳೆ ಪಾತ್ರೆ ಎಂದು ಸಾಗುವ ಪಟ್ಟಿ ಎರಡನೆಯ ಮಧ್ಯಾಹ್ನಕ್ಕೇ ಪ್ರೇಕ್ಷಕರನ್ನು ದಣಿಸುತ್ತದೆ. ಬರಗಾಲದ ಹಸಿವು, ಪಡಿತರದ ಅಂಗಡಿ, ಶಾಲೆಯ ಬಿಸಿಯೂಟ, ಹೋಟೆಲ್ ಹಿಂಬದಿಯಲ್ಲಿ ಪಾತ್ರೆ ತೊಳೆಯುವವರು, ಜಾತಿಯ ಕಾರಣಕ್ಕೆ ಬೇರೆಯಾದ ಪಂಕ್ತಿ, ಮಾಂಸದ ಅಂಗಡಿ, ಅಡುಗೆಮನೆಯಲ್ಲಿ ಸವೆದ ಹೆಂಗಸರ ದಿನಗಳು ಕೂಡ ಆಹಾರದ ಕಥೆಗಳೇ. ಹತ್ತರಲ್ಲಿ ನಾಲ್ಕಾದರೂ ಇಂಥವು ಇರಲಿ ಎಂಬುದು ನನ್ನ ಸಲಹೆ. ಇವುಗಳಿಗೆ ಅಡುಗೆ ಜೋಡಿಸಲೇಬೇಕೆಂಬ ಹಟ ಮಾತ್ರ ಬೇಡ. ಹಸಿವಿನ ಚಿತ್ರ ಮುಗಿದ ತಕ್ಷಣ ಭಕ್ಷ್ಯಗಳನ್ನು ಮುಂದಿಟ್ಟರೆ ಅದು ಅಭಾಸ. ಆ ಚಿತ್ರದ ನಂತರ ಚಹಾ ಸಾಕು.

ಕಿರುಚಿತ್ರಗಳನ್ನು ಕರೆಯಲು ಫಿಲ್ಮ್‌ಫ್ರೀವೇ ಎಂಬ ಜಾಲತಾಣವನ್ನು ಬಳಸುವವರು ಬಹಳ. ಅಲ್ಲಿ ಕರೆ ಹಾಕಿದರೆ ಸಂಬಂಧವಿಲ್ಲದ ಚಿತ್ರಗಳೂ ರಾಶಿಯಾಗಿ ಬರುತ್ತವೆ. ವಿಷಯ, ಅವಧಿಯ ಮಿತಿ, ಸಬ್‌ಟೈಟಲ್‌ನ ಷರತ್ತುಗಳನ್ನು ಮೊದಲ ಸಾಲಿನಲ್ಲೇ ಬರೆಯದಿದ್ದರೆ ಅವನ್ನು ನೋಡಿ ಮುಗಿಸುವುದರಲ್ಲೇ ಎರಡು ತಿಂಗಳು ಹೋಗುತ್ತದೆ. ಬೆಂಗಳೂರಿನಲ್ಲಿರುವ ಜರ್ಮನಿಯ ಗಯಟೆ ಸಂಸ್ಥೆ ಮತ್ತು ಫ್ರಾನ್ಸಿನ ಅಲಿಯಾನ್ಸ್ ಫ್ರಾನ್ಸೇಸ್‌ಗಳನ್ನು ಆಯಾ ದೇಶದ ಚಿತ್ರಗಳಿಗಾಗಿ ಕೇಳಬಹುದು. ಹಿಂದಿನ ಫಿಲ್ಮ್ಸ್ ಡಿವಿಷನ್ನಿನ ಸಾಕ್ಷ್ಯಚಿತ್ರಗಳಿಗೆ ಈಗ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮವಾದ ಎನ್‌ಎಫ್‌ಡಿಸಿಯನ್ನು ಸಂಪರ್ಕಿಸಬೇಕು. ಊರಿನ ಸುತ್ತಮುತ್ತಲಿನ ಸಾಕ್ಷ್ಯಚಿತ್ರಕಾರರನ್ನು ಮಾತ್ರ ನೇರವಾಗಿ ಫೋನ್ ಮಾಡಿ ಕೇಳುವುದೇ ಮೇಲು.

ಮೊದಲ ವರ್ಷ ಸ್ಪರ್ಧೆ, ಪ್ರಶಸ್ತಿ, ತೀರ್ಪುಗಾರರು ಬೇಡ. ಅದು ಪ್ರತ್ಯೇಕ ಹೊರೆ.

ಹಂತ 3: ಪ್ರದರ್ಶನದ ಹಕ್ಕು

ಇಡೀ ಕೆಲಸದಲ್ಲಿ ಹೆಚ್ಚು ಉತ್ಸವಗಳು ಮುಗ್ಗರಿಸುವ ಹಂತ ಇದು, ಆದ್ದರಿಂದ ನಿಧಾನವಾಗಿ ಓದಿ.

ಒಟಿಟಿ ಚಂದಾ ಇದೆ, ಡಿವಿಡಿ ಕೊಂಡಿದ್ದೇವೆ, ಯೂಟ್ಯೂಬಿನಲ್ಲಿ ಬಿಟ್ಟಿ ಸಿಗುತ್ತದೆ ಎಂಬ ಮೂರೂ ಕಾರಣಗಳು ಸಾರ್ವಜನಿಕ ಪ್ರದರ್ಶನದ ಹಕ್ಕನ್ನು ಕೊಡುವುದಿಲ್ಲ. ಅವು ಮನೆಯಲ್ಲಿ ನೋಡುವುದಕ್ಕೆ ಸಿಕ್ಕ ಅನುಮತಿಗಳು. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಚಿತ್ರವನ್ನು ಸಾರ್ವಜನಿಕರಿಗೆ ತೋರಿಸುವ ಹಕ್ಕು ಅದರ ಒಡೆಯರದು, ಪ್ರವೇಶ ಉಚಿತವಾಗಿದ್ದರೂ ಇದು ಬದಲಾಗುವುದಿಲ್ಲ. ‘ನಾವು ದುಡ್ಡು ತೆಗೆದುಕೊಳ್ಳುತ್ತಿಲ್ಲವಲ್ಲ’ ಎಂಬ ಉತ್ತರವನ್ನು ಸಂಘಟಕರು ತುಂಬ ವಿಶ್ವಾಸದಿಂದ ಹೇಳುತ್ತಾರೆ. ಅದಕ್ಕೆ ಕಾನೂನಿನ ಬೆಂಬಲವಿಲ್ಲ. ಶಿಕ್ಷಣ ಸಂಸ್ಥೆಗಳಿಗೆ ಇದೇ ಕಾಯ್ದೆಯ 52ನೆಯ ಕಲಮಿನಲ್ಲಿ ಒಂದು ವಿನಾಯಿತಿ ಇದೆ, ಆದರೆ ಅದು ಸಂಸ್ಥೆಯ ಚಟುವಟಿಕೆಯ ಭಾಗವಾಗಿ, ಸಿಬ್ಬಂದಿ, ವಿದ್ಯಾರ್ಥಿಗಳು, ಪೋಷಕರು ಮತ್ತು ಸಂಸ್ಥೆಯೊಂದಿಗೆ ಸಂಬಂಧವಿರುವವರು ಮಾತ್ರ ಪ್ರೇಕ್ಷಕರಾಗಿರುವಾಗ ಅನ್ವಯಿಸುತ್ತದೆ. ಕಾಲೇಜಿನ ಸಭಾಂಗಣದಲ್ಲಿ ಊರಿನವರಿಗೆಲ್ಲ ಬಾಗಿಲು ತೆರೆದ ಉತ್ಸವ ಈ ನೆರಳಿನಲ್ಲಿ ನಿಲ್ಲಲಾರದು.

ಹಕ್ಕು ಯಾರ ಬಳಿ ಇದೆ ಎಂದು ಹುಡುಕುವಾಗ ನಿರ್ದೇಶಕರಿಂದ ಆರಂಭಿಸಿದರೂ ಅಲ್ಲೇ ನಿಲ್ಲಬೇಡಿ. ಕಥಾಚಿತ್ರಗಳಲ್ಲಿ ಹಕ್ಕು ಸಾಮಾನ್ಯವಾಗಿ ನಿರ್ಮಾಪಕರದು, ಅವರು ಅದನ್ನು ವಿತರಕರಿಗೋ ಒಟಿಟಿ ಸಂಸ್ಥೆಗೋ ಮಾರಿರಬಹುದು. ನಿರ್ದೇಶಕರು ಸಂತೋಷದಿಂದ ‘ಧಾರಾಳವಾಗಿ ತೋರಿಸಿ’ ಎಂದರೆ ಅದು ಅವರ ದೊಡ್ಡ ಮನಸ್ಸು, ಅನುಮತಿ ಬೇರೆ. ವಾರಗಟ್ಟಲೆ ಉತ್ತರ ಬಾರದಿದ್ದರೆ ಎರಡು ಬಾರಿ ನೆನಪಿಸಿ, ಆಮೇಲೆ ಚಿತ್ರವನ್ನು ಪಟ್ಟಿಯಿಂದ ಬಿಡಿ. ಮೌನವನ್ನು ಸಮ್ಮತಿಯೆಂದು ಎಣಿಸುವಂತಿಲ್ಲ.

ಅನುಮತಿ ಬರಹದಲ್ಲಿ ಇರಬೇಕು, ಇಮೇಲ್ ಸಾಕು. ಅದರಲ್ಲಿ ಚಿತ್ರದ ಹೆಸರು, ಪ್ರದರ್ಶನದ ದಿನಾಂಕ ಮತ್ತು ಸ್ಥಳ, ಎಷ್ಟು ಪ್ರದರ್ಶನಗಳು, ಆಸನಗಳ ಸಂಖ್ಯೆ, ಪ್ರೇಕ್ಷಕರಿಂದ ಶುಲ್ಕ ಇದೆಯೇ ಇಲ್ಲವೇ, ಚಿತ್ರಕ್ಕೆ ಕೊಡುವ ಗೌರವಧನ, ಪ್ರಚಾರಕ್ಕೆ ಬಳಸಬಹುದಾದ ಸ್ಥಿರಚಿತ್ರಗಳು, ಕನ್ನಡ ಸಬ್‌ಟೈಟಲ್ ಸೇರಿಸಲು ಒಪ್ಪಿಗೆ ಇವಿಷ್ಟೂ ಸ್ಪಷ್ಟವಾಗಿರಲಿ. ಚಿತ್ರಕ್ಕೆ ಅಡುಗೆ ಜೋಡಿಸುವ ಯೋಚನೆಯನ್ನೂ ಇಲ್ಲೇ ತಿಳಿಸಬೇಕು. ತಮ್ಮ ಚಿತ್ರವನ್ನು ಊಟದ ಜಾಹೀರಾತಿನಂತೆ ಬಳಸುವುದನ್ನು ಒಪ್ಪದ ನಿರ್ದೇಶಕರಿದ್ದಾರೆ, ಅವರ ಆಕ್ಷೇಪ ಸರಿಯಾದುದೇ. ಮೊದಲ ಪಟ್ಟಿಯಲ್ಲಿ ಬೇಕಾದುದಕ್ಕಿಂತ ನಾಲ್ಕೈದು ಚಿತ್ರ ಹೆಚ್ಚಿಗೆ ಇಟ್ಟುಕೊಂಡರೆ ಈ ಹಂತ ಮುಗಿದ ಮೇಲೂ ಕೈಯಲ್ಲಿ ಉತ್ಸವ ಉಳಿದಿರುತ್ತದೆ.

ಹಂತ 4: ಪ್ರಮಾಣಪತ್ರ ಮತ್ತು ಸ್ಥಳೀಯ ಅನುಮತಿಗಳು

ಒಡೆಯರ ಅನುಮತಿ ಒಂದು, ಸರ್ಕಾರದ ಅನುಮತಿ ಇನ್ನೊಂದು. 1952ರ ಸಿನಿಮಾಟೋಗ್ರಾಫ್ ಕಾಯ್ದೆಯ ಪ್ರಕಾರ ಸಾರ್ವಜನಿಕವಾಗಿ ತೋರಿಸುವ ಚಿತ್ರಕ್ಕೆ ನಾವು ಸೆನ್ಸಾರ್ ಮಂಡಳಿ ಎಂದು ಕರೆಯುವ ಪ್ರಮಾಣೀಕರಣ ಮಂಡಳಿಯ ಪ್ರಮಾಣಪತ್ರ ಬೇಕು. ಚಿತ್ರಮಂದಿರದಲ್ಲಿ ತೆರೆ ಕಂಡ ಕಥಾಚಿತ್ರಗಳಿಗೆ ಇದು ಇರುತ್ತದೆ. ಸ್ವತಂತ್ರ ಸಾಕ್ಷ್ಯಚಿತ್ರಗಳಿಗೂ ವಿದ್ಯಾರ್ಥಿಗಳ ಕಿರುಚಿತ್ರಗಳಿಗೂ ಹೆಚ್ಚಾಗಿ ಇರುವುದಿಲ್ಲ. ಅಂಥ ಚಿತ್ರಗಳಿಗೆ ಉತ್ಸವಗಳು ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವಾಲಯದಿಂದ ವಿನಾಯಿತಿ ಪಡೆಯಬೇಕಾಗುತ್ತದೆ. ಅದಕ್ಕಾಗಿ ಪ್ರತಿ ಚಿತ್ರದ ಸಾರಾಂಶ, ನಿರ್ದೇಶಕರ ಹೆಸರು, ಅವಧಿ ಮುಂತಾದ ವಿವರಗಳನ್ನು ಕಳಿಸಬೇಕು. ಪ್ರೇಕ್ಷಕರು ಮುಂಚಿತವಾಗಿ ಹೆಸರು ನೋಂದಾಯಿಸಿಕೊಂಡ ಪ್ರತಿನಿಧಿಗಳಾಗಿರಬೇಕು. ಆದ್ದರಿಂದಲೇ ಇಂಥ ಉತ್ಸವಗಳು ಬಾಗಿಲಲ್ಲಿ ಟಿಕೆಟ್ ಮಾರದೆ ಪ್ರತಿನಿಧಿ ಪಾಸ್ ಕೊಡುತ್ತವೆ. ವಿನಾಯಿತಿಯ ಅರ್ಜಿಯನ್ನು ಕೊನೆಯ ವಾರಗಳಿಗೆ ಉಳಿಸಿಕೊಂಡರೆ ಉತ್ತರ ಬರುವ ಮೊದಲೇ ಉತ್ಸವ ಬಂದಿರುತ್ತದೆ. ಈ ದಾರಿ ಕಷ್ಟವೆನಿಸಿದರೆ ಪ್ರಮಾಣಪತ್ರವಿರುವ ಚಿತ್ರಗಳನ್ನು ಮಾತ್ರ ಆರಿಸಿಕೊಂಡು ಆರಂಭಿಸುವುದು ವಿವೇಕ.

ಪ್ರಮಾಣಪತ್ರದ ವರ್ಗವನ್ನೂ ನೋಡಿಕೊಳ್ಳಿ. ಕಾಯ್ದೆಗೆ 2023ರಲ್ಲಿ ಆದ ತಿದ್ದುಪಡಿಯ ನಂತರ, ಮಕ್ಕಳಿಗೆ ಪೋಷಕರ ಮಾರ್ಗದರ್ಶನ ಬೇಕಾದ ಯುಎ ವರ್ಗ 7, 13 ಮತ್ತು 16 ವರ್ಷಗಳೆಂದು ಮೂರಾಗಿದೆ. ಊಟದ ಉತ್ಸವಕ್ಕೆ ಜನ ಮಕ್ಕಳ ಸಮೇತ ಬರುತ್ತಾರೆ, ಕಸಾಯಿಖಾನೆಯ ದೃಶ್ಯಗಳಿರುವ ಚಿತ್ರವನ್ನು ಭಾನುವಾರ ಬೆಳಿಗ್ಗೆ ಹತ್ತಕ್ಕೆ ಇಡುವುದು ಬೇಡ.

ಚಿತ್ರಮಂದಿರವಲ್ಲದ ಜಾಗವಾದರೆ ಜಿಲ್ಲಾಡಳಿತ, ಪೊಲೀಸ್ ಠಾಣೆ, ಅಗ್ನಿಶಾಮಕ ದಳ ಮತ್ತು ನಗರಸಭೆಯಲ್ಲಿ ಏನೇನು ಬೇಕೆಂದು ಸ್ವತಃ ಹೋಗಿ ಕೇಳಿ, ಅರ್ಜಿಗಳ ಸ್ವೀಕೃತಿ ಪ್ರತಿಯನ್ನು ಒಂದೇ ಕಡತದಲ್ಲಿ ಇಡಿ. ಊಟದ ಹೊತ್ತಿಗೆ ಹಿನ್ನೆಲೆಯಲ್ಲಿ ಹಾಡು ಹಾಕುವ ಆಸೆಯಿದ್ದರೆ ಅದಕ್ಕೂ ಪರವಾನಗಿ ಬೇಕು: ಸಾಹಿತ್ಯ ಮತ್ತು ಸ್ವರ ಸಂಯೋಜನೆಗೆ ಐಪಿಆರ್‌ಎಸ್, ಧ್ವನಿಮುದ್ರಣಕ್ಕೆ ಪಿಪಿಎಲ್ ಅಥವಾ ಆಯಾ ಆಡಿಯೊ ಸಂಸ್ಥೆ. ಹಾಡೇ ಬೇಡವೆಂದರೆ ಇನ್ನೂ ಒಳ್ಳೆಯದು. ಚಿತ್ರ ನೋಡಿ ಬಂದವರಿಗೆ ಮಾತನಾಡಿಕೊಳ್ಳುವುದು ಇರುತ್ತದೆ.

ಹಂತ 5: ಪ್ರತಿ, ಪ್ರೊಜೆಕ್ಟರ್, ಧ್ವನಿ

ಚಿತ್ರಮಂದಿರದಲ್ಲಿ ತೋರಿಸುವುದಾದರೆ ಡಿಸಿಪಿ ಎಂಬ ಡಿಜಿಟಲ್ ಪ್ರತಿ ಬೇಕು. ಕಾಲೇಜಿನ ಸಭಾಂಗಣದಲ್ಲಾದರೆ ಎಂಪಿ4 ಅಥವಾ ಪ್ರೊರೆಸ್ ಮಾದರಿಯ ವಿಡಿಯೊ ಕಡತ ಸಾಕು. ಎರಡರಲ್ಲಿ ಯಾವುದೆಂದು ನಿರ್ಧರಿಸಿ ಎಲ್ಲರಿಂದಲೂ ಒಂದೇ ಬಗೆಯ ಪ್ರತಿ ಕೇಳಿ. ಡಿಸಿಪಿ ತುಂಬಿದ ಡ್ರೈವ್ ಸಾಮಾನ್ಯವಾಗಿ ಲಿನಕ್ಸ್ ಮಾದರಿಯಲ್ಲಿ ಇರುವುದರಿಂದ ವಿಂಡೋಸ್ ಲ್ಯಾಪ್‌ಟಾಪಿಗೆ ಸಿಕ್ಕಿಸಿದಾಗ ಅದು ಖಾಲಿಯಂತೆ ಕಂಡು, ‘ಫಾರ್ಮ್ಯಾಟ್ ಮಾಡಲೇ?’ ಎಂದು ಕಂಪ್ಯೂಟರ್ ಕೇಳುತ್ತದೆ. ಅದಕ್ಕೆ ಹೌದು ಎಂದರೆ ಚಿತ್ರ ಹೋಯಿತು. ಆ ಡ್ರೈವನ್ನು ಪ್ರೊಜೆಕ್ಷನ್ ಕೊಠಡಿಯವರ ಹೊರತು ಯಾರೂ ಮುಟ್ಟಬಾರದು.

ಗುಪ್ತಲಿಪಿ ಇರುವ ಡಿಸಿಪಿಗಳಿಗೆ ಕೆಡಿಎಂ ಎಂಬ ಕೀಲಿ ಬರುತ್ತದೆ. ಅದು ಒಂದು ನಿರ್ದಿಷ್ಟ ಸರ್ವರಿಗೆ, ನಿರ್ದಿಷ್ಟ ಗಂಟೆಗಳಿಗೆ ಮಾತ್ರ ತೆರೆಯುತ್ತದೆ. ಕೇಳುವಾಗ ಪರೀಕ್ಷಾ ಪ್ರದರ್ಶನದ ದಿನವನ್ನೂ ಸೇರಿಸಿ, ಸಮಯವನ್ನು ಭಾರತೀಯ ಕಾಲಮಾನದಲ್ಲಿ ಬರೆಯಿರಿ, ಚಿತ್ರಮಂದಿರದವರು ಪರದೆ ಬದಲಿಸಿದರೆ ಹೊಸ ಕೀಲಿ ಬೇಕಾಗುತ್ತದೆ ಎಂಬುದನ್ನು ಅವರಿಗೂ ಮೊದಲೇ ಹೇಳಿ.

ಬಾಡಿಗೆ ಪ್ರೊಜೆಕ್ಟರ್ ಆರಿಸುವ ಲೆಕ್ಕ ಸರಳ. ಪರದೆಯ ವಿಸ್ತೀರ್ಣವನ್ನು ಚದರಡಿಯಲ್ಲಿ ಹಿಡಿದು 14ರಿಂದ ಗುಣಿಸಿ. ಚಿತ್ರಮಂದಿರದ ಮಟ್ಟದ ಬೆಳಕಿಗೆ ಅಷ್ಟು ಲ್ಯೂಮೆನ್ (ಬೆಳಕಿನ ಅಳತೆ) ಪರದೆಯನ್ನು ಮುಟ್ಟಬೇಕು. 16 ಅಡಿ ಅಗಲ, 9 ಅಡಿ ಎತ್ತರದ ಸಾಧಾರಣ ಬಿಳಿ ಪರದೆಗೆ 144 ಚದರಡಿ, ಅಂದರೆ ಸುಮಾರು 2000 ಲ್ಯೂಮೆನ್. ಆದರೆ ಪೆಟ್ಟಿಗೆಯ ಮೇಲೆ ಬರೆದ ಸಂಖ್ಯೆ ಹೊಸ ದೀಪದ್ದು, ಅದೂ ಬಣ್ಣ ಕೆಡಿಸಿ ಬೆಳಕು ಹೆಚ್ಚಿಸುವ ಕ್ರಮದ್ದು. ಅರ್ಧ ಮಾತ್ರ ಸಿಗುತ್ತದೆಂದು ಹಿಡಿದು 4000ದಿಂದ 5000 ಲ್ಯೂಮೆನ್ನಿನದನ್ನು ಕೇಳಿ. ಆಹಾರದ ಚಿತ್ರಗಳಲ್ಲಿ ಬಣ್ಣ ತಪ್ಪಿದರೆ ಬೇರೆ ಚಿತ್ರಗಳಿಗಿಂತ ಬೇಗ ಕಣ್ಣಿಗೆ ಹೊಡೆಯುತ್ತದೆ. ಹಸಿರು ತಿರುಗಿದ ಅನ್ನ, ನೀಲಿಯಾದ ಸಾರು ಯಾರಿಗೂ ಹಸಿವು ತರಿಸುವುದಿಲ್ಲ. ಬಿಳಿ ಅನ್ನದ ಒಂದು ದೃಶ್ಯವನ್ನು ನಿಲ್ಲಿಸಿಟ್ಟು ಬಣ್ಣ ಸರಿಪಡಿಸಿಕೊಳ್ಳುವುದು ಸುಲಭ ಉಪಾಯ.

ಧ್ವನಿಯಲ್ಲಿ ಕಾಣುವ ಎಚ್ಚರಿಕೆಯ ಲಕ್ಷಣ ಒಂದಿದೆ: ಸಂಗೀತ ಮತ್ತು ಒಗ್ಗರಣೆಯ ಚಟಪಟ ಚೆನ್ನಾಗಿ ಕೇಳಿಸಿ, ಮಾತು ಮಾತ್ರ ಕೇಳಿಸದಿರುವುದು. ಕಡತದಲ್ಲಿ ಆರು ವಾಹಿನಿಗಳ 5.1 ಧ್ವನಿಯಿದ್ದು, ನಿಮ್ಮ ವ್ಯವಸ್ಥೆ ಎರಡೇ ಸ್ಪೀಕರಿನದಾದರೆ ಮಧ್ಯದ ವಾಹಿನಿಯಲ್ಲಿದ್ದ ಮಾತು ಹೀಗೆ ಕಳೆದುಹೋಗುತ್ತದೆ. ಚಿತ್ರದವರಿಂದ ಸ್ಟೀರಿಯೊ ಪ್ರತಿ ಕೇಳಿದರೆ ಈ ತಲೆನೋವಿಲ್ಲ.

ಜೊತೆಗೆ ಇಟ್ಟುಕೊಳ್ಳಬೇಕಾದ ಸಾಮಾನುಗಳು: ಒಂದೇ ಬಗೆಯ ಎರಡು ಲ್ಯಾಪ್‌ಟಾಪ್, ಉದ್ದನೆಯ ಎರಡು ಎಚ್‌ಡಿಎಂಐ ಕೇಬಲ್, ಪ್ರೊಜೆಕ್ಟರಿಗೂ ಲ್ಯಾಪ್‌ಟಾಪಿಗೂ ಯುಪಿಎಸ್, ಎಲ್ಲ ಚಿತ್ರಗಳ ಪ್ರತಿ ಇರುವ ಎರಡು ಹಾರ್ಡ್‌ಡಿಸ್ಕ್. ಹಳೆಯ ಪೆನ್‌ಡ್ರೈವ್ ಫ್ಯಾಟ್32 ಮಾದರಿಯದಾಗಿದ್ದರೆ 4 ಜಿಬಿ ಮೀರಿದ ಕಡತ ಅದರೊಳಗೆ ಹೋಗುವುದೇ ಇಲ್ಲ. ಪ್ರತಿ ಚಿತ್ರವನ್ನೂ ಅದೇ ಸಭಾಂಗಣದಲ್ಲಿ, ಅದೇ ಯಂತ್ರದಲ್ಲಿ ಮೊದಲ ಐದು ನಿಮಿಷ, ನಡುವೆ ಐದು ನಿಮಿಷ, ಕೊನೆಯ ಐದು ನಿಮಿಷ ಓಡಿಸಿ ನೋಡಿ. ಮೊದಲ ನಿಮಿಷ ಮಾತ್ರ ನೋಡಿ ಸರಿಯಿದೆ ಎನ್ನುವವರಿಗೆ ಅರ್ಧಕ್ಕೆ ನಿಂತ ಕಡತಗಳೇ ಗತಿ.

ಹಂತ 6: ಕನ್ನಡ ಸಬ್‌ಟೈಟಲ್

ಇಂಗ್ಲಿಷ್ ಸಬ್‌ಟೈಟಲ್ ಸಾಕೆಂದು ಬಿಟ್ಟರೆ ಅಡುಗೆ ಮಾಡಲು ಕರೆಸಿದವರೇ ಚಿತ್ರ ನೋಡಿ ಅರ್ಥ ಮಾಡಿಕೊಳ್ಳಲಾಗದೆ ಉಳಿಯುತ್ತಾರೆ. ಕನ್ನಡದಲ್ಲಿ ಬರೆಸುವುದು ದೊಡ್ಡ ಖರ್ಚಲ್ಲ, ಆದರೆ ಮೂರು ತಾಂತ್ರಿಕ ತೊಡಕುಗಳಿವೆ.

ಒಂದನೆಯದು ಅಕ್ಷರ ಸಂಕೇತ. ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಹಳೆಯ ಆಸ್ಕಿ ಫಾಂಟಿನಲ್ಲಿ ಬೆರಳಚ್ಚು ಮಾಡಿದರೆ ಪರದೆಯ ಮೇಲೆ ಅರ್ಥವಿಲ್ಲದ ರೋಮನ್ ಅಕ್ಷರಗಳು ಬರುತ್ತವೆ. ಯೂನಿಕೋಡಿನಲ್ಲೇ ಬರೆಸಿ, ಎಸ್‌ಆರ್‌ಟಿ ಕಡತವನ್ನು ಯುಟಿಎಫ್-8 ಎಂದು ಉಳಿಸಿ. ಚೌಕ ಡಬ್ಬಿಗಳು ಕಂಡರೆ ಆ ಯಂತ್ರದಲ್ಲಿ ಕನ್ನಡ ಫಾಂಟ್ ಇಲ್ಲವೆಂದು ಅರ್ಥ. ಎರಡನೆಯದು ಒತ್ತಕ್ಷರ. ಕೆಲವು ಪ್ಲೇಯರುಗಳು ಒತ್ತಕ್ಷರವನ್ನು ಒಡೆದು ತೋರಿಸುತ್ತವೆ. ಎರಡು ಸಾಲಿನ ಸಬ್‌ಟೈಟಲ್‌ನಲ್ಲಿ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗಿ ಓದಲಾಗದಂತೆ ಆಗುತ್ತದೆ. ಸಾಲುಗಳ ನಡುವಿನ ಅಂತರ ಹೆಚ್ಚಿಸಿ, ಒಪ್ಪಿಗೆ ಇದ್ದರೆ ಅಕ್ಷರಗಳನ್ನು ಚಿತ್ರದ ಮೇಲೆಯೇ ಅಚ್ಚೊತ್ತಿದ ಪ್ರತಿ ಮಾಡಿಸಿಕೊಳ್ಳಿ. ಮೂರನೆಯದು ಉದ್ದ. ಮಾತನ್ನೆಲ್ಲ ಅನುವಾದಿಸಲು ಹೋದರೆ ಪ್ರೇಕ್ಷಕರು ಓದುತ್ತಲೇ ಇರುತ್ತಾರೆ, ನೋಡುವುದಿಲ್ಲ.

ಅಡುಗೆಯ ಪದಗಳಲ್ಲಿ ಊರಿನ ಮಾತು ಬಲ್ಲವರಿಂದ ಒಮ್ಮೆ ಓದಿಸಿ. ಧಾರವಾಡದ ಪ್ರೇಕ್ಷಕರ ಮುಂದೆ ಶೇಂಗಾವನ್ನು ಕಡಲೆಕಾಯಿ ಎಂದು ಬರೆದರೆ ಸಭಾಂಗಣದಲ್ಲಿ ಗೊಣಗಾಟ ಕೇಳಬೇಕಾಗುತ್ತದೆ.

ಹಂತ 7: ಅಡುಗೆ

ಹಕ್ಕು ಸಿಕ್ಕ ಚಿತ್ರಗಳ ಪಟ್ಟಿ ಕೈಯಲ್ಲಿ ಇಲ್ಲದೆ ಈ ಹಂತಕ್ಕೆ ಕಾಲಿಡಬೇಡಿ. ಎಲ್ಲ ಚಿತ್ರಗಳಿಗೂ ಅಡುಗೆ ಬೇಡ. ದಿನಕ್ಕೆ ಒಂದು ಊಟ, ಒಂದು ಸಣ್ಣ ರುಚಿ, ಎರಡು ಬಾರಿ ಚಹಾ ಮತ್ತು ಮಜ್ಜಿಗೆ ಇದ್ದರೆ ಸಾಕು.

ಯಾವ ಅಡುಗೆ ಎಂಬುದನ್ನು ರುಚಿ ಮೊದಲು ನಿರ್ಧರಿಸುವುದಿಲ್ಲ, ಬಡಿಸುವ ವೇಗ ನಿರ್ಧರಿಸುತ್ತದೆ. ಎಲ್ಲರೂ ಆಸೆಪಡುವ ನೀರುದೋಸೆಯನ್ನೇ ತೆಗೆದುಕೊಳ್ಳಿ. 150 ಜನರಿಗೆ ತಲಾ ಮೂರರಂತೆ 450 ದೋಸೆ. ಒಂದಕ್ಕೆ ಒಂದೂವರೆ ನಿಮಿಷವೆಂದರೆ ಒಂದು ಕಾವಲಿಯಲ್ಲಿ ಹನ್ನೊಂದು ಗಂಟೆಗೂ ಹೆಚ್ಚು, ನಾಲ್ಕು ಕಾವಲಿ ಇಟ್ಟರೂ ಹತ್ತಿರಹತ್ತಿರ ಮೂರು ಗಂಟೆ. ಮುಂಚೆಯೇ ಹೊಯ್ದು ಮಡಚಿಟ್ಟರೆ ಅಂಟಿಕೊಂಡು ಮುದ್ದೆಯಾಗುತ್ತದೆ. ನಿಜವಾದ ಮುದ್ದೆಯೂ ಹೀಗೇ, ಆರಿದ ಮೇಲೆ ಅದು ಬೇರೆಯೇ ಪದಾರ್ಥ. ಇದಕ್ಕೆ ಬದಲಾಗಿ ಗರಿಗರಿಯಾದ ಕಟಕ್ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಎಣ್ಣೆಗಾಯಿಯ ಊಟವನ್ನು ಮುಂಚಿತವಾಗಿ ಸಿದ್ಧಪಡಿಸಬಹುದು. ಕೊಡಗಿನ ಅಕ್ಕಿ ಉಂಡೆಯಾದ ಕಡಂಬುಟ್ಟನ್ನು ಹಬೆಯಲ್ಲೇ ಬಿಸಿಯಾಗಿ ಇಡಬಹುದು. ತಂಬುಳಿಗೂ ಅಪ್ಪೆಹುಳಿಗೂ ಬಿಸಿಯ ಹಂಗಿಲ್ಲ.

ಹೋಟೆಲ್ ಕೇಟರಿಂಗಿನವರಿಗಿಂತ ಆ ಅಡುಗೆಯನ್ನು ದಿನನಿತ್ಯ ಮಾಡುವವರನ್ನು ಹುಡುಕುವುದು ಸರಿಯಾದ ಆಸೆಯೇ. ಆದರೆ ಮನೆಯಲ್ಲಿ ಹತ್ತು ಜನರಿಗೆ ಚೆನ್ನಾಗಿ ಮಾಡುವವರು 150 ಜನರಿಗೆ ಮಾಡುವಾಗ ಉಪ್ಪು, ಹುಳಿ, ಬೇಯುವ ಸಮಯ ಎಲ್ಲವೂ ಬೇರೆಯಾಗುತ್ತವೆ. ಅವರ ಜೊತೆಗೆ ದೊಡ್ಡ ಅಡುಗೆ ಮಾಡಿ ಅನುಭವವಿರುವ ಒಬ್ಬರನ್ನು ನಿಲ್ಲಿಸಿ, ಉತ್ಸವಕ್ಕೆ ಮೂರು ವಾರ ಮೊದಲು 30 ಜನರಿಗೆ ಒಮ್ಮೆ ಮಾಡಿಸಿ ನೋಡಿ. ಸಂಭಾವನೆಯನ್ನು ಸಾಮಾನಿನ ಖರ್ಚಿನಿಂದ ಬೇರೆಯಾಗಿ, ಮೊದಲೇ ಮಾತನಾಡಿ ಕೊಡಬೇಕು. ಸಿದ್ದಿ, ಹಾಲಕ್ಕಿ ಮುಂತಾದ ಸಮುದಾಯದವರನ್ನು ಕರೆಸಿದಾಗ ಉಡುಗೆ ತೊಡಿಸಿ ವೇದಿಕೆಗೆ ಏರಿಸಿ ಫೋಟೊ ತೆಗೆಸುವ ಚಾಳಿ ಬೇಡ. ಅವರು ಬಂದಿರುವುದು ಅಡುಗೆ ಬಲ್ಲವರಾಗಿ.

ಸುರಕ್ಷತೆಯ ವಿಷಯದಲ್ಲಿ ರಾಜಿಯಿಲ್ಲ. ಊಟ ಒದಗಿಸುವವರ ಬಳಿ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ನೋಂದಣಿ ಅಥವಾ ಪರವಾನಗಿ ಇರಬೇಕು, ಅದರ 14 ಅಂಕಿಗಳ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಬಿಸಿ ಅಡುಗೆ 60 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ, ತಣ್ಣನೆಯದು 5 ಡಿಗ್ರಿಗಿಂತ ಕೆಳಗೆ ಇರಬೇಕು; ಇದನ್ನು ಕೈಮುಟ್ಟಿ ಅಂದಾಜು ಮಾಡಲಾಗದು, ಚುಚ್ಚಿ ನೋಡುವ ಥರ್ಮಾಮೀಟರ್ ಒಂದು ಕೊಳ್ಳಿ. ಚಿತ್ರ ತಡವಾದಷ್ಟೂ ಅಡುಗೆ ನಡುವಿನ ಅಪಾಯದ ಶಾಖದಲ್ಲಿ ಉಳಿಯುತ್ತದೆ ಎಂಬುದನ್ನು ಪ್ರೊಜೆಕ್ಟರಿನವರಿಗೂ ತಿಳಿಸಿರಿ. ಕಳಲೆಯನ್ನು ನೀರು ಬದಲಿಸುತ್ತ ನೆನೆಸಿ ಚೆನ್ನಾಗಿ ಬೇಯಿಸದಿದ್ದರೆ ಅದು ವಿಷಕಾರಿ; ಕೆಸುವಿನೆಲೆಗೆ ಹುಳಿ ಸಾಲದಿದ್ದರೆ ಅಥವಾ ಬೇಯುವುದು ಸಾಲದಿದ್ದರೆ ಗಂಟಲು ತುರಿಸುತ್ತದೆ. ಇಂಥವನ್ನು ಹೊಸಬರ ಕೈಗೆ ಕೊಡಬೇಡಿ. ಪ್ರತಿ ಪಾತ್ರೆಯ ಮುಂದೆ ಪದಾರ್ಥಗಳ ಚೀಟಿ ಇರಲಿ, ಶೇಂಗಾ, ಎಳ್ಳು, ಗೋಡಂಬಿ, ಹಾಲು, ಸೀಗಡಿ ಇದ್ದರೆ ಕಣ್ಣಿಗೆ ಬೀಳುವಂತೆ ಬರೆಯಿರಿ. ಸಸ್ಯಾಹಾರ ಮತ್ತು ಮಾಂಸಾಹಾರಕ್ಕೆ ಸೌಟು, ಪಾತ್ರೆ, ಬಡಿಸುವ ಮೇಜು ಎಲ್ಲವೂ ಬೇರೆ ಇರಬೇಕು. ಒಂದನ್ನು ಮುಂದೆ ಇಟ್ಟು ಇನ್ನೊಂದನ್ನು ಹಿತ್ತಲಿಗೆ ತಳ್ಳಬಾರದು.

ಹಂತ 8: ವೇಳಾಪಟ್ಟಿ

ಚಿತ್ರ ನೋಡುತ್ತಲೇ ತಿನ್ನುವುದೋ, ಮುಗಿದ ಮೇಲೆ ತಿನ್ನುವುದೋ? ಎರಡೂ ಮಾದರಿಗಳು ಜಗತ್ತಿನಲ್ಲಿವೆ. 2007ರಲ್ಲಿ ಶುರುವಾದ ನ್ಯೂಯಾರ್ಕಿನ ಆಹಾರ ಚಲನಚಿತ್ರೋತ್ಸವ ಪರದೆಯ ಮೇಲೆ ಕಂಡದ್ದನ್ನು ಆಗಲೇ ಕೈಗೆ ಕೊಡುವುದಕ್ಕೆ ಹೆಸರಾಯಿತು. ಬರ್ಲಿನ್ ಉತ್ಸವ ಅದೇ ವರ್ಷ ಆರಂಭಿಸಿ 2019ರವರೆಗೆ ನಡೆಸಿದ ಪಾಕ ವಿಭಾಗದಲ್ಲೂ, ಸ್ಪೇನಿನ ಸ್ಯಾನ್ ಸೆಬಾಸ್ಟಿಯನ್ ಉತ್ಸವ 2011ರಿಂದ ನಡೆಸುತ್ತಿರುವ ವಿಭಾಗದಲ್ಲೂ ಚಿತ್ರ ಮುಗಿದ ಮೇಲೆ ಅದರಿಂದ ಪ್ರೇರಿತವಾದ ಭೋಜನ. ನಮ್ಮ ಊಟಕ್ಕೆ ಎರಡನೆಯದೇ ತಕ್ಕುದು. ಸಾರು ಕಲಸಿ ಕೈಯಲ್ಲಿ ಉಣ್ಣುವವರಿಗೆ ಕತ್ತಲಲ್ಲಿ, ತೊಡೆಯ ಮೇಲೆ ತಟ್ಟೆ ಇಟ್ಟುಕೊಂಡು ತಿನ್ನುವುದು ಶಿಕ್ಷೆ.

ಒಂದು ಮೇಜಿನಲ್ಲಿ ಒಬ್ಬರಿಗೆ ಬಡಿಸಲು 15ರಿಂದ 20 ಸೆಕೆಂಡ್ ಹಿಡಿದರೆ 150 ಜನರಿಗೆ 38ರಿಂದ 50 ನಿಮಿಷ ಬೇಕು. ಮೂರು ಮೇಜುಗಳಿದ್ದರೆ ಹದಿನೈದು ನಿಮಿಷದ ಆಸುಪಾಸಿನಲ್ಲಿ ಎಲ್ಲರ ತಟ್ಟೆ ತುಂಬುತ್ತದೆ. ಊಟದ ವಿರಾಮ ಒಟ್ಟು 75 ನಿಮಿಷಕ್ಕಿಂತ ಕಡಿಮೆ ಬೇಡ. ಎಲೆ ಹಾಕಿ ಪಂಕ್ತಿಯಲ್ಲಿ ಬಡಿಸುವುದಾದರೆ ಎರಡು ಪಂಕ್ತಿಗಳಿಗೆ ಎರಡು ಗಂಟೆ ಬಿಡಿ, ಆ ದಿನ ಒಂದು ಚಿತ್ರ ಕಡಿಮೆ ಮಾಡಿಕೊಳ್ಳಿ. ಊಟದ ನಂತರದ ಮೊದಲ ಪ್ರದರ್ಶನಕ್ಕೆ ಚುರುಕಾದ ಕಿರುಚಿತ್ರಗಳನ್ನು ಇಡಿ. ನಿಧಾನಗತಿಯ 100 ನಿಮಿಷದ ಸಾಕ್ಷ್ಯಚಿತ್ರ ಆ ಹೊತ್ತಿಗೆ ಬಂದರೆ ಗೊರಕೆಯೇ ಹಿನ್ನೆಲೆ ಸಂಗೀತ.

ಸಂವಾದವನ್ನು ಚಿತ್ರ ಮುಗಿದ ತಕ್ಷಣ, ಊಟಕ್ಕೆ ಮೊದಲು, 20 ನಿಮಿಷಕ್ಕೆ ಮಿತಿಗೊಳಿಸಿ ಇಡುವುದು ಒಳ್ಳೆಯದು. ಊಟದ ನಂತರ ಇಟ್ಟರೆ ಅರ್ಧ ಜನ ಮನೆಗೆ ಹೋಗಿರುತ್ತಾರೆ. ಇಲ್ಲೊಂದು ಇಕ್ಕಟ್ಟಿದೆ: ಮಾತನಾಡಬೇಕಾದ ಅಡುಗೆಯವರು ಆ ಹೊತ್ತಿನಲ್ಲಿ ಒಲೆಯ ಮುಂದೆ ಇರುತ್ತಾರೆ. ಬಡಿಸುವ ಹೊಣೆಯನ್ನು ಇನ್ನೊಬ್ಬರಿಗೆ ವಹಿಸಿ, ಅಡುಗೆಯವರು ಚಿತ್ರವನ್ನೂ ಕುಳಿತು ನೋಡುವಂತೆ ಏರ್ಪಾಡು ಮಾಡಿ. ಹೆಚ್ಚಿನ ಉತ್ಸವಗಳಲ್ಲಿ ಆ ಚಿತ್ರವನ್ನು ನೋಡದೆ ಉಳಿಯುವವರು ಅವರೇ. ಚಿತ್ರ ಮುಗಿಯಲು ಅರ್ಧ ಗಂಟೆ ಇರುವಾಗ ಒಗ್ಗರಣೆ ಹಾಕಲು ಬಿಡಬೇಡಿ. ಇಂಗು ಬೆಳ್ಳುಳ್ಳಿಯ ವಾಸನೆ ಒಳಗೆ ಬಂದರೆ ಕೊನೆಯ ದೃಶ್ಯಕ್ಕೆ ಖಾಲಿ ಕುರ್ಚಿಗಳೇ ಸಾಕ್ಷಿ.

ಹಂತ 9: ನೋಂದಣಿ ಮತ್ತು ಹಣ

ಪ್ರತಿನಿಧಿ ಪಾಸ್ ಬೇರೆ, ಊಟದ ಕೂಪನ್ ಬೇರೆ ಇರಲಿ. ಎರಡನ್ನೂ ಸೇರಿಸಿದರೆ ಊಟಕ್ಕೆ ಮಾತ್ರ ಬರುವವರನ್ನು ತಡೆಯಲಾಗದು, ಚಿತ್ರ ಮಾತ್ರ ಬೇಕಾದ ವಿದ್ಯಾರ್ಥಿಗಳಿಗೆ ಹೊರೆಯಾಗುತ್ತದೆ. ಕೂಪನ್ ಸಂಖ್ಯೆಯನ್ನು ಮೂರು ದಿನ ಮೊದಲು ಮುಚ್ಚಿ ಅಡುಗೆಯವರಿಗೆ ಕೊಡಿ. ಪ್ರಾಯೋಜಕರನ್ನು ಒಪ್ಪುವ ಮೊದಲು ಚಿತ್ರಗಳನ್ನು ಇನ್ನೊಮ್ಮೆ ನೆನಪಿಸಿಕೊಳ್ಳಿ. ರಾಸಾಯನಿಕ ಗೊಬ್ಬರದ ಹಾನಿಯ ಬಗ್ಗೆ ಚಿತ್ರ ತೋರಿಸುವ ಪರದೆಯ ಕೆಳಗೆ ಗೊಬ್ಬರದ ಕಂಪನಿಯ ಬ್ಯಾನರ್ ತೂಗುವುದನ್ನು ಪ್ರೇಕ್ಷಕರು ಗಮನಿಸದೆ ಇರುವುದಿಲ್ಲ. ಪೋಸ್ಟರನ್ನು ಈ ಹಂತ ಮುಗಿದ ಮೇಲೆ ಅಚ್ಚಿಗೆ ಕಳಿಸಿ.

ಹಂತ 10: ಉತ್ಸವದ ದಿನಗಳು ಮತ್ತು ಆಮೇಲೆ

ಪರದೆಗೆ ಒಬ್ಬರು, ಒಲೆಗೆ ಒಬ್ಬರು, ಬಾಗಿಲಿಗೆ ಒಬ್ಬರು ಹೊಣೆಗಾರರಿರಲಿ, ಮೂವರ ನಡುವೆ ಫೋನ್ ಸಂಪರ್ಕ ಇರಲಿ. ಚಿತ್ರ ಹತ್ತು ನಿಮಿಷ ತಡವಾದರೆ ಪರದೆಯವರು ಒಲೆಯವರಿಗೆ ಆಗಲೇ ತಿಳಿಸಬೇಕು. ಉದ್ಘಾಟನೆಯ ಭಾಷಣಗಳಿಗೆ 20 ನಿಮಿಷದ ಗಡಿ ಹಾಕಿ, ಅತಿಥಿಗಳಿಗೆ ಮುಂಚೆಯೇ ತಿಳಿಸಿ. ಎರಡು ದಿನದ ವೇಳಾಪಟ್ಟಿ ಹಳಿ ತಪ್ಪುವುದು ಸಾಮಾನ್ಯವಾಗಿ ಇಲ್ಲಿಯೇ. ಯಂತ್ರ ಕೆಟ್ಟು ನಿಂತರೆ ಕತ್ತಲಲ್ಲಿ ಜನರನ್ನು ಕಾಯಿಸಬೇಡಿ, ದೀಪ ಹಾಕಿ ಏನಾಯಿತೆಂದು ಹೇಳಿ, ಎರಡನೆಯ ಲ್ಯಾಪ್‌ಟಾಪಿಗೆ ಬದಲಾಯಿಸಿ. ಗ್ಯಾಸ್ ಸಿಲಿಂಡರುಗಳು ಗಾಳಿಯಾಡುವ ಜಾಗದಲ್ಲಿ, ಸಭಾಂಗಣದ ತುರ್ತು ಬಾಗಿಲಿನಿಂದ ದೂರ ಇರಬೇಕು; ಅಗ್ನಿಶಾಮಕ ಸಾಧನ ಬಳಸಲು ಬಲ್ಲವರು ಇಬ್ಬರಾದರೂ ಇರಲಿ.

ಪ್ರತಿದಿನ ಬಡಿಸಿದ ಪ್ರತಿಯೊಂದು ಅಡುಗೆಯ ಸ್ವಲ್ಪ ಭಾಗವನ್ನು ಹೆಸರು, ಸಮಯ ಬರೆದು ಶೀತಲ ಪೆಟ್ಟಿಗೆಯಲ್ಲಿ ಎರಡು ದಿನ ಇಟ್ಟುಕೊಳ್ಳಿ. ಯಾರಿಗಾದರೂ ಹೊಟ್ಟೆ ಕೆಟ್ಟರೆ ಕಾರಣ ಪತ್ತೆಹಚ್ಚಲು ಬೇಕಾಗುತ್ತದೆ.

ಮುಗಿದ ವಾರದೊಳಗೆ ಅಡುಗೆಯವರ ಬಾಕಿ ಚುಕ್ತಾ ಮಾಡಿ. ಡ್ರೈವ್‌ಗಳನ್ನು ಸ್ಪೀಡ್ ಪೋಸ್ಟಿನಲ್ಲೋ ಕೊರಿಯರಿನಲ್ಲೋ ಹಿಂದಿರುಗಿಸಿ, ಲ್ಯಾಪ್‌ಟಾಪಿನಲ್ಲೂ ಹಾರ್ಡ್‌ಡಿಸ್ಕಿನಲ್ಲೂ ಉಳಿದ ಪ್ರತಿಗಳನ್ನು ಅಳಿಸಿ, ಅಳಿಸಿದ್ದೇವೆಂದು ಚಿತ್ರದವರಿಗೆ ಬರೆದು ತಿಳಿಸಿ. ಅದೇ ಪತ್ರದಲ್ಲಿ ಎಷ್ಟು ಜನ ನೋಡಿದರು, ಸಂವಾದದಲ್ಲಿ ಏನು ಕೇಳಿದರು, ಚಿತ್ರದ ಜೊತೆಗೆ ಏನನ್ನು ಬಡಿಸಲಾಯಿತು ಎಂಬ ವಿವರ ಇರಲಿ. ಸಬ್‌ಟೈಟಲ್ ಕಡತದ ಒಂದು ಪ್ರತಿಯನ್ನೂ ಲಗತ್ತಿಸಿ ಕಳಿಸಿ. ಮುಂದೆ ಕನ್ನಡದಲ್ಲಿ ಆ ಚಿತ್ರ ತೋರಿಸಬೇಕೆನ್ನುವವರಿಗೆ ಅವರೇ ಅದನ್ನು ಕೊಡಬಲ್ಲರು.